ಆರಿದ ಜಾಡು: ಕಬ್ಬಿನ ಸೀಮೆಯಲ್ಲಿ ನಾಯಿಗೆ ಹಳೆ ವಾಸನೆ ಹಿಡಿಯಲು ಕಲಿಸುವ ಕ್ರಮ

ಈಗಷ್ಟೇ ಯಾರೋ ನಡೆದುಹೋದ ಬದುವಿನ ಮೇಲೆ ಬಹುಪಾಲು ನಾಯಿಗಳು ಮೂಗಿಟ್ಟು ಓಡುತ್ತವೆ. ಅದೇ ಬದುವಿನ ಮೇಲೆ ರಾತ್ರಿ ಎಂಟಕ್ಕೆ ನಡೆದವರನ್ನು ಬೆಳಿಗ್ಗೆ ಏಳಕ್ಕೆ ಹುಡುಕು ಎಂದರೆ ನಾಲ್ಕು ಹೆಜ್ಜೆ ಮೂಸಿ ತಲೆ ಎತ್ತಿ ನಿಮ್ಮ ಮುಖ ನೋಡುತ್ತವೆ. ಮೊದಲನೆಯದು ಬಿಸಿ ಜಾಡು, ಎರಡನೆಯದು ಆರಿದ ಜಾಡು. ಮಂಡ್ಯ, ಮೈಸೂರಿನ ಹಳ್ಳಿಗಳಲ್ಲಿ ನಿಜವಾಗಿ ಬೇಕಾಗುವುದು ಎರಡನೆಯದೇ. ಮರೆವಿನ ಕಾಯಿಲೆಯ ಅಜ್ಜ ಮನೆಯಲ್ಲಿಲ್ಲ ಎಂದು ಗೊತ್ತಾಗುವುದು ಊಟಕ್ಕೆ ಕರೆದಾಗ. ಬಸ್ ಸ್ಟ್ಯಾಂಡು, ನೆಂಟರ ಮನೆ, ದೇವಸ್ಥಾನ ಎಲ್ಲ ನೋಡಿ ಮುಗಿಸಿ ನಾಯಿಯ ನೆನಪಾಗುವ ಹೊತ್ತಿಗೆ ಐದಾರು ಗಂಟೆ ಸಂದಿರುತ್ತದೆ.

ಒಂದು ಮಾತು ಮೊದಲೇ ಹೇಳಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಮೊಲ, ಹಂದಿ, ಉಡ ಯಾವುದರ ಹಿಂದೆಯೂ ನಾಯಿ ಬಿಟ್ಟು ಬೇಟೆಯಾಡುವಂತಿಲ್ಲ. ಇಲ್ಲಿ ಹೇಳುವ ಪಾಠವೆಲ್ಲ ಮನುಷ್ಯರ ಜಾಡಿನದು. ಆದರೆ ವಿದ್ಯೆಯ ಬೇರು ಬೇಟೆಯಲ್ಲಿದೆ. ಹಾಗಾಗಿ ಅದನ್ನು ತಳಿಯೊಳಗೇ ಬೆಳೆಸಿದ ಅಮೆರಿಕದ ಕೂನ್‌ಹೌಂಡ್‌ಗಳನ್ನು ಸ್ವಲ್ಪ ತಿಳಿದುಕೊಂಡರೆ ನಮ್ಮ ನಾಯಿಯನ್ನು ಓದುವುದು ಸುಲಭ.

ಕೂನ್‌ಹೌಂಡ್‌ಗಳು ತೋರಿಸುವ ದಾರಿ

ಕೂನ್‌ಹೌಂಡ್‌ಗಳು ರಕೂನ್ ಬೇಟೆಗೆಂದು ಬೆಳೆಸಿದ ನಾಯಿಗಳು; ಜಾಡು ಹಿಡಿದು ಹೋಗಿ ಅದನ್ನು ಮರ ಹತ್ತಿಸುವುದು ಅವುಗಳ ಕೆಲಸ. ರಕೂನ್ ಅಮೆರಿಕದ ಕಾಡುಪ್ರಾಣಿ, ರಾತ್ರಿ ತಿರುಗುತ್ತದೆ. ತೊರೆಗಿಳಿದು ನಡೆಯುತ್ತದೆ, ಬೇಲಿ ಹತ್ತುತ್ತದೆ, ಒಂದು ಮರಕ್ಕೆ ಹತ್ತಿ ಪಕ್ಕಕ್ಕೆ ಹಾರಿ ಬೇರೆ ದಾರಿ ಹಿಡಿಯುತ್ತದೆ. ನಾಯಿ ಬರುವ ಹೊತ್ತಿಗೆ ಅದು ಹಾದುಹೋಗಿ ಗಂಟೆಗಳೇ ಆಗಿರಬಹುದು. ಕೂನ್‌ಹೌಂಡ್‌ನ ಆರು ತಳಿಗಳೂ ಈ ಕೆಲಸವನ್ನು ಒಂದೇ ರೀತಿ ಮಾಡುವುದಿಲ್ಲ.

ಬ್ಲೂಟಿಕ್ ಮತ್ತು ಬ್ಲ್ಯಾಕ್ ಅಂಡ್ ಟ್ಯಾನ್ ಆರಿದ ಜಾಡಿಗೆ ಹೆಸರಾದವು. ಬ್ಲ್ಯಾಕ್ ಅಂಡ್ ಟ್ಯಾನ್‌ನಲ್ಲಿ ಬ್ಲಡ್‌ಹೌಂಡ್ ರಕ್ತವಿದೆ, ಬ್ಲೂಟಿಕ್‌ನಲ್ಲಿ ಫ್ರಾನ್ಸಿನ ಹಳೆ ಹೌಂಡ್‌ಗಳದ್ದು. ಎರಡೂ ನಿಧಾನ. ಹೆಜ್ಜೆ ಹೆಜ್ಜೆಗೂ ಮೂಗು ಊರಿ, ವಾಸನೆ ಹರಿದುಹೋದ ಕಡೆ ಅಲ್ಲೇ ಸುತ್ತಿ, ಸಿಕ್ಕಿದ ಮೇಲಷ್ಟೇ ಮುಂದಿನ ಹೆಜ್ಜೆ ಇಡುತ್ತವೆ. ಟ್ರೀಯಿಂಗ್ ವಾಕರ್ ಇದಕ್ಕೆ ವಿರುದ್ಧ. ಇಂಗ್ಲಿಷ್ ಫಾಕ್ಸ್‌ಹೌಂಡ್ ವಂಶದ ಆ ನಾಯಿ ವೇಗಕ್ಕೆ ಬೆಳೆದದ್ದು. ಹಳೆಯ ಹೆಜ್ಜೆಗಳ ಮೇಲೆ ಸಮಯ ಕಳೆಯದೆ ಅತ್ತಿತ್ತ ತೇಲುತ್ತಾ ಮುಂದೆ ಎಲ್ಲಾದರೂ ತಾಜಾ ತುಣುಕು ಸಿಗುತ್ತದೆಯೇ ಎಂದು ಹಾರಿ ನೋಡುತ್ತದೆ. ಇಂಗ್ಲಿಷ್ ಕೂನ್‌ಹೌಂಡ್ ಎಂಬ ಒಂದೇ ಹೆಸರಿನಡಿ ಇದ್ದ ನಾಯಿಗಳಿಂದ ವಾಕರ್ 1945ರಲ್ಲಿ, ಬ್ಲೂಟಿಕ್ 1946ರಲ್ಲಿ ಬೇರೆ ತಳಿಗಳಾದವು; ಸಾಕುವವರು ಬಯಸಿದ ನಡೆಯೇ ಬೇರೆಬೇರೆಯಾಗಿತ್ತು. ರೆಡ್‌ಬೋನ್ ಮತ್ತು ಇಂಗ್ಲಿಷ್ ತಳಿಗಳ ನಡೆ ಬ್ಲೂಟಿಕ್, ವಾಕರ್‌ಗಳ ನಡುವಿನದು. ಜರ್ಮನ್ ಮೂಲದ ಪ್ಲಾಟ್ ಕರಡಿ, ಹಂದಿಗಳ ಮೇಲೆ ಬೆಳೆದ ಗಟ್ಟಿ ನಾಯಿ. ಅದರಲ್ಲಿ ಒಂದೊಂದು ವಂಶದ ಮೂಗು ಒಂದೊಂದು ಥರ.

ಇದರಿಂದ ನಾವು ಹಿಡಿದುಕೊಳ್ಳಬೇಕಾದದ್ದು ಒಂದೇ. ಆರಿದ ಜಾಡಿನಲ್ಲಿ ಮೂಗಿನಷ್ಟೇ ತೂಕ ಸ್ವಭಾವಕ್ಕಿದೆ. ವಾಕರ್‌ಗೆ ಹಳೆ ವಾಸನೆ ಸಿಗುವುದೇ ಇಲ್ಲ ಎಂದಲ್ಲ, ಅದರ ಮೇಲೆ ನಿಲ್ಲುವ ತಾಳ್ಮೆ ಕಡಿಮೆ. ತಾಳ್ಮೆಯನ್ನು ಅಭ್ಯಾಸದಿಂದ ಕಟ್ಟಬಹುದು. ನಮ್ಮಲ್ಲಿ ಸಿಗುವ ಬೀಗಲ್, ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್, ಊರ ನಾಯಿ ಎಲ್ಲಕ್ಕೂ ಇದು ಅನ್ವಯ. ಬಂಡೀಪುರದಲ್ಲಿ ಅರಣ್ಯ ಇಲಾಖೆಗೆ ಹುಲಿಯ ಜಾಡು ಹಿಡಿದುಕೊಟ್ಟ ರಾಣಾ ಜರ್ಮನ್ ಶೆಫರ್ಡೇ. ಮುಧೋಳ ನಾಯಿಯನ್ನು ಮಾತ್ರ ಈ ಕೆಲಸಕ್ಕೆ ಹಚ್ಚಬೇಡಿ. ಅದು ಕಣ್ಣಿನಿಂದ ಬೇಟೆಯಾಡುವ ತಳಿ, ದೂರದಲ್ಲಿ ಏನು ಅಲುಗಿದರೂ ಮೂಗು ನೆಲ ಬಿಡುತ್ತದೆ.

ಇನ್ನೊಂದು ವ್ಯತ್ಯಾಸ. ಕೂನ್‌ಹೌಂಡ್ ಕೂಗುತ್ತಾ ಜಾಡು ಹಿಡಿಯುತ್ತದೆ. ಹಳೆ ಜಾಡಿನ ಮೇಲೆ ಬ್ಲೂಟಿಕ್‌ನ ಕೂಗು ಉದ್ದಕ್ಕೆ ಎಳೆದಂತಿರುತ್ತದೆ, ಜಾಡು ಬಿಸಿಯಾದಂತೆ ನಡುವಿನ ಬಿಡುವು ಕಡಿಮೆಯಾಗುತ್ತದೆ, ರಕೂನ್ ಹತ್ತಿದ ಮರದ ಬುಡದಲ್ಲಿ ತುಂಡು ತುಂಡಾಗಿ ಬೊಗಳುತ್ತದೆ. ಕತ್ತಲಲ್ಲಿ ದೂರ ನಿಂತವರು ಕಿವಿಯಿಂದಲೇ ಎಲ್ಲ ತಿಳಿಯುತ್ತಾರೆ. ನಮ್ಮ ನಾಯಿಗಳು ಬಹುತೇಕ ಮೌನವಾಗಿ ನಡೆಯುತ್ತವೆ. ಆ ಕೂಗಿನ ಬದಲು ನೀವು ಓದಬೇಕಾದ್ದು ಬಾಲ, ಹಗ್ಗದ ಬಿಗಿ ಮತ್ತು ಉಸಿರಿನ ಸದ್ದು.

ಜಾಡು ಆರುವುದೆಂದರೆ

ನಡೆಯುವ ಮನುಷ್ಯನ ಮೈಯಿಂದ ಚರ್ಮದ ಸಣ್ಣ ಹೊಪ್ಪಳಿಕೆಗಳು ಸದಾ ಉದುರುತ್ತಿರುತ್ತವೆ. ಅವುಗಳ ಮೇಲಿನ ಬ್ಯಾಕ್ಟೀರಿಯಾ ಹೊರಬಿಡುವ ಆವಿಯೇ ಆ ವ್ಯಕ್ತಿಯ ವಾಸನೆ. ಜೊತೆಗೆ ತುಳಿದು ನಲುಗಿದ ಹುಲ್ಲಿನ, ಕದಡಿದ ಮಣ್ಣಿನ ವಾಸನೆ ಸೇರುತ್ತದೆ. ಹುಲ್ಲು, ಮಣ್ಣಿನ ವಾಸನೆ ಮೊದಲು ಕರಗುತ್ತದೆ. ಚರ್ಮದ ಕಣ ಉಳಿಯುತ್ತದೆ, ಆದರೆ ತೇವವಿಲ್ಲದೆ ಆವಿ ಬಿಡುವುದಿಲ್ಲ.

ಇಲ್ಲಿಯೇ ಬಹಳ ಜನ ಎಡವುವುದು. ಗಡಿಯಾರ ನೋಡಿ ಜಾಡಿನ ವಯಸ್ಸು ಅಳೆಯುತ್ತಾರೆ. ಏಪ್ರಿಲ್‌ನ ಮಧ್ಯಾಹ್ನ ಒಣ ರಾಗಿ ಹೊಲದಲ್ಲಿ ಎರಡು ಗಂಟೆ ಕಾದ ಜಾಡು, ಡಿಸೆಂಬರ್‌ನ ಇಬ್ಬನಿಯಲ್ಲಿ 12 ಗಂಟೆ ಮಲಗಿದ ಜಾಡಿಗಿಂತ ಕಷ್ಟ. ತುಂತುರು ಮಳೆ ಒಣಗಿದ ಜಾಡನ್ನು ಮತ್ತೆ ಎಬ್ಬಿಸುತ್ತದೆ, ಜಡಿಮಳೆ ತೊಳೆದುಕೊಂಡು ಹೋಗುತ್ತದೆ. ಹಾಗಾಗಿ ನೋಟ್‌ಬುಕ್ಕಿನಲ್ಲಿ ಗಂಟೆಯ ಪಕ್ಕದಲ್ಲೇ ಬಿಸಿಲು ಬಿದ್ದ ಹೊತ್ತೆಷ್ಟು, ಇಬ್ಬನಿ ಇತ್ತೇ, ನೆಲ ಒಣಗಿತ್ತೇ ತೇವವೇ ಎಂದು ಬರೆಯಿರಿ. ಒಂದು ತಿಂಗಳಾದ ಮೇಲೆ ತಿರುಗಿಸಿ ನೋಡಿದರೆ ನಾಯಿ ಸೋತ ದಿನಗಳ ಕಾರಣ ಅಲ್ಲೇ ಕಾಣುತ್ತದೆ.

ಸಾಮಾನು

ಎದೆಗೆ ಕಟ್ಟುವ ಪಟ್ಟಿ ಒಂದು. ಕತ್ತಿನ ಪಟ್ಟಿಗೆ ಹಗ್ಗ ಹಾಕಿದರೆ ಗಂಟಲು ಬಿಗಿದು ಮೂಸುವುದಕ್ಕೇ ತೊಡಕು. ಬಯಲಿಗೆ 8ರಿಂದ 10 ಮೀಟರ್ ಹಗ್ಗ, ಕಬ್ಬಿನ ಸಾಲಿಗೆ 3 ಮೀಟರ್ ಸಾಕು, ಉದ್ದವಿದ್ದರೆ ಕೂಳೆಗೆ ಸಿಕ್ಕಿಕೊಳ್ಳುತ್ತದೆ. ವಾಸನೆಯ ಬಟ್ಟೆ ಇಡಲು ಹೊಸ ಜಿಪ್ ಕವರ್. ಎರಡು ಲೀಟರ್ ನೀರು. ಗಾಳಿಯ ದಿಕ್ಕು ನೋಡಲು ಒಂದು ಚಿಟಿಕೆ ವಿಭೂತಿ ಉದುರಿಸಿದರೆ ಆಯಿತು. ಬಹುಮಾನಕ್ಕೆ ಉಪ್ಪು ಮಸಾಲೆ ಇಲ್ಲದೆ ಬೇಯಿಸಿದ ಕೋಳಿ ಈಲಿಯನ್ನು ಕಡಲೆಕಾಳಿನ ಗಾತ್ರಕ್ಕೆ ಕತ್ತರಿಸಿ, ಗಟ್ಟಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿಡಿ.

ಜಾಡು ಹಾಕುವುದು

ಜಾಡು ಹಾಕುವವರು ನಾಯಿ ಹಿಡಿಯುವವರಲ್ಲದೆ ಬೇರೆಯವರಾಗಿರಲಿ. ಹೊರಡುವ ಜಾಗದಲ್ಲಿ ಅರ್ಧ ನಿಮಿಷ ನಿಂತು, ಒಂದು ದಿನ ಮೈಮೇಲಿದ್ದ ಬನಿಯನ್ನನ್ನೋ ಟವೆಲ್ಲನ್ನೋ ಬಿಟ್ಟು, ಸಹಜವಾಗಿ ನಡೆಯಲಿ. ಕಾಲು ಎಳೆಯುವುದು ಬೇಡ. ವಾಪಸ್ ಬರುವಾಗ ಅದೇ ದಾರಿ ತುಳಿಯಬಾರದು, ಕನಿಷ್ಠ 100 ಮೀಟರ್ ಬಳಸಿ ಬರಬೇಕು. ಇಲ್ಲವಾದರೆ ಹೋದ ಹೆಜ್ಜೆ, ಬಂದ ಹೆಜ್ಜೆ ಎರಡೂ ಬೆರೆತು ನಾಯಿಗೆ ದಿಕ್ಕು ಸಿಗುವುದಿಲ್ಲ. ಪಳಗಿದ ನಾಯಿ ತಾಜಾ ಜಾಡಿನ ಐದು ಹೆಜ್ಜೆ ಮೂಸಿ ಯಾವ ಕಡೆಗೆ ಹೋಗಿದ್ದಾರೆಂದು ಹೇಳುತ್ತದೆ. ಜಾಡು ಆರಿದಂತೆಲ್ಲ ಹೆಜ್ಜೆ ಹೆಜ್ಜೆಯ ನಡುವಿನ ವ್ಯತ್ಯಾಸ ಮಸುಕಾಗುತ್ತದೆ, ಆಗ ಹಿಂದಕ್ಕೆ ಓಡುವ ತಪ್ಪು ಹೆಚ್ಚು.

ಮೊದಲ ಎರಡು ವಾರ ತಾಜಾ ಜಾಡು, ನೇರಕ್ಕೆ 30ರಿಂದ 50 ಹೆಜ್ಜೆ. ಮೂರು ಹೆಜ್ಜೆಗೊಂದು ಈಲಿ ತುಣುಕು, ಕೊನೆಯಲ್ಲಿ ಮನುಷ್ಯ. ಮೂರನೇ ವಾರದಿಂದ 150 ಮೀಟರ್, ಎರಡು ತಿರುವು, 20ರಿಂದ 30 ನಿಮಿಷದ ವಯಸ್ಸು. ಈ ಹಂತದಲ್ಲಿ ದಾರಿಯ ಮೇಲೆ ತಿನಿಸು ಹಾಕುವುದನ್ನು ನಿಲ್ಲಿಸಿ. ಅರ್ಧ ಗಂಟೆಯಲ್ಲಿ ಇರುವೆ ಮುತ್ತಿಕೊಳ್ಳುತ್ತದೆ, ಇರುವೆ ಮೂಗಿಗೆ ಕಚ್ಚಿದ ನಾಯಿ ಮಾರನೇ ದಿನ ಮೂಗು ನೆಲಕ್ಕಿಡಲು ಹೆದರುತ್ತದೆ. ಬಹುಮಾನ ಕೊನೆಯ ಡಬ್ಬಿಯಲ್ಲಿ ಮಾತ್ರ.

ಎರಡನೇ ತಿಂಗಳು 300 ಮೀಟರ್, ಒಂದು ಗಂಟೆ. ಆಮೇಲೆ ಎರಡು, ನಾಲ್ಕು, ಕೊನೆಗೆ ಸಂಜೆ ಹಾಕಿ ಬೆಳಿಗ್ಗೆ ಹಿಡಿಯುವ 12 ಗಂಟೆ. ವಯಸ್ಸು, ಉದ್ದ, ತಿರುವು, ನೆಲ, ಈ ನಾಲ್ಕರಲ್ಲಿ ಒಂದು ದಿನಕ್ಕೆ ಒಂದನ್ನೇ ಕಠಿಣ ಮಾಡಿ. ವಯಸ್ಸು ದುಪ್ಪಟ್ಟಾದ ದಿನ ಉದ್ದ ಅರ್ಧಕ್ಕಿಳಿಯಲಿ. ದಿನಕ್ಕೆ ಎರಡೇ ಜಾಡು, ವಾರಕ್ಕೆ ಮೂರು ನಾಲ್ಕು ದಿನ ಸಾಕು. ನಾಲ್ಕಕ್ಕೊಂದು ಸುಲಭದ ತಾಜಾ ಜಾಡು ಕೊಡಿ. ಸೋತು ಸೋತು ಮನಸ್ಸು ಮುರಿದ ನಾಯಿಯನ್ನು ಮತ್ತೆ ಎತ್ತುವುದು ಬಹಳ ಕಷ್ಟ.

ರಾತ್ರಿ ಆರಿದ ಜಾಡಿಗೆ ಒಂದು ಸೂಕ್ಷ್ಮವಿದೆ. ಜಾಡು ಹಾಕಿದವರು ಬೆಳಿಗ್ಗೆ ಬೈಕಿನಲ್ಲಿ ಬೇರೆ ದಾರಿಯಿಂದ ಬಂದು ಕೊನೆಯ ಜಾಗದಲ್ಲಿ ಕೂರುತ್ತಾರೆ. ಅವರ ತಾಜಾ ವಾಸನೆ ಗಾಳಿಯಲ್ಲಿ ತೇಲಿ ನಾಯಿಗೆ ಬಂದರೆ ಅದು ತಲೆ ಎತ್ತಿ ನೇರ ಅಲ್ಲಿಗೇ ಓಡುತ್ತದೆ, ನೆಲದ ಪಾಠ ಸುಳ್ಳಾಗುತ್ತದೆ. ಗಾಳಿ ನಾಯಿಯ ಬೆನ್ನಿಗೆ ಬೀಸುವಂತೆ ಜಾಡಿನ ದಿಕ್ಕು ಆರಿಸಿಕೊಳ್ಳಿ.

ಹೊರಡುವಾಗ ಬಟ್ಟೆ ಮೂಸಿಸಿ, "ಹುಡುಕು" ಎಂಬ ಒಂದೇ ಮಾತು. ಮತ್ತೆ ಬಾಯಿ ತೆರೆಯಬೇಡಿ. ನಾಯಿ ನಡಿಗೆಗಿಂತ ಜೋರಾಗಿ ಎಳೆದರೆ ಹಗ್ಗದಲ್ಲಿ ಒಂದೇ ಸಮನಾದ ಬಿಗಿ ಇಟ್ಟು ನಿಧಾನಿಸಿ, ಜಗ್ಗಬೇಡಿ.

ಗದ್ದೆ, ನಾಲೆ, ಟಾರು

ಬೆಳೆದ ಕಬ್ಬಿನೊಳಗೆ ಗಾಳಿ ಆಡುವುದಿಲ್ಲ. ವಾಸನೆ ಸಾಲಿನ ಬುಡದಲ್ಲಿ, ಉದುರಿದ ತರಗಿನ ಅಡಿಯ ತೇವದಲ್ಲಿ ಬಹಳ ಹೊತ್ತು ನಿಲ್ಲುತ್ತದೆ. ನಾಯಿ ಸರಾಗವಾಗಿ ಹೋಗಿ, ಗದ್ದೆ ಮುಗಿದು ಬಯಲಿಗೆ ಬಂದ ಕೂಡಲೇ ತಡವರಿಸುತ್ತದೆ. ಅದು ತಪ್ಪಲ್ಲ, ವಾಸನೆ ಅಲ್ಲಿ ಗಾಳಿಗೆ ಚದುರಿದೆ. ಆ ಅಂಚಿನಲ್ಲಿ ಒಂದು ನಿಮಿಷ ಬಿಟ್ಟುಕೊಡಿ. ಕಬ್ಬಿನ ಎಲೆಯ ಅಂಚು ಮೂಗು, ಕಣ್ಣು, ಕಿವಿಯನ್ನು ಕುಯ್ಯುತ್ತದೆ, ಪ್ರತಿ ಸಲ ಹೊರಬಂದ ಮೇಲೆ ನೋಡಬೇಕು. ತರಗು ಸುಟ್ಟ ಗದ್ದೆಯಲ್ಲೂ ಔಷಧಿ ಹೊಡೆದ ಗದ್ದೆಯಲ್ಲೂ ಪಾಠ ಬೇಡ.

ನೀರು ನಿಂತ ಭತ್ತದ ಗದ್ದೆಯಲ್ಲಿ ಹೆಜ್ಜೆಯ ವಾಸನೆ ಸಿಗುವುದಿಲ್ಲ. ನೀರಿನ ಮೇಲೆ ಬಿದ್ದ ಕಣ ತೇಲಿ ಗಾಳಿ ಬೀಸುವ ಕಡೆಯ ಬದುವಿನ ಹುಲ್ಲಿಗೆ ಅಂಟುತ್ತದೆ. ನಾಯಿ ನಿಜವಾದ ದಾರಿಗಿಂತ ಹತ್ತು ಹದಿನೈದು ಅಡಿ ಪಕ್ಕದ ಬದುವಿನಲ್ಲಿ ನಡೆದರೆ ತಿದ್ದಬೇಡಿ. ನಾಲೆಯ ಏರಿಯಲ್ಲೂ ಹಾಗೆಯೇ: ಬೆಳಗಿನ ತಣ್ಣನೆ ಗಾಳಿ ತಗ್ಗಿಗೆ ಇಳಿದು ವಾಸನೆಯನ್ನು ನೀರಿನ ಅಂಚಿಗೆ ಒಯ್ಯುತ್ತದೆ, ನಾಯಿ ಇಳಿಜಾರಿಗೆ ಎಳೆಯುತ್ತದೆ. ವಿಶ್ವೇಶ್ವರಯ್ಯ ನಾಲೆಯಂಥ ತುಂಬಿ ಹರಿಯುವ ಕಡೆ ಹಗ್ಗವನ್ನು ಎರಡು ಮೀಟರಿಗೆ ಸುತ್ತಿಕೊಳ್ಳಿ, ಕೈಗೆ ಕಟ್ಟಿಕೊಳ್ಳಲೇಬೇಡಿ. ಟಾರು ರಸ್ತೆಯಲ್ಲಿ ವಾಹನದ ಗಾಳಿಗೆ ಕಣಗಳೆಲ್ಲ ಅಂಚಿನ ಹುಲ್ಲಿಗೆ ಸರಿದಿರುತ್ತವೆ. ರಸ್ತೆ ದಾಟಿದ ಜಾಡಿಗೆ ಎರಡೂ ಬದಿಯ ಹುಲ್ಲನ್ನು ಮೂಸಿಸಿ.

ಜಾಡು ತಪ್ಪಿದಾಗ

ತಪ್ಪಿದ ಕ್ಷಣ ಬಾಲ ಸ್ವಲ್ಪ ಇಳಿಯುತ್ತದೆ, ತಲೆ ಏಳುತ್ತದೆ, ಮೂಸುವ ಸದ್ದು ನಿಲ್ಲುತ್ತದೆ, ಹಗ್ಗ ಸಡಿಲವಾಗುತ್ತದೆ. ಆಗ ನೀವು ನಿಂತುಬಿಡಿ. ನೀವು ನಡೆಯುತ್ತಲೇ ಇದ್ದರೆ ನಾಯಿ ಅದನ್ನೇ ದಾರಿ ಎಂದುಕೊಳ್ಳುತ್ತದೆ. ಬ್ಲೂಟಿಕ್ ತಾನಾಗಿಯೇ ಮಾಡುವುದನ್ನು ಇಲ್ಲಿ ನಾಯಿಗೆ ಬಿಟ್ಟುಕೊಡಬೇಕು: ನಿಂತಲ್ಲಿಂದ ಹಗ್ಗದುದ್ದಕ್ಕೆ ಒಂದು ಪೂರ್ತಿ ಸುತ್ತು. ಎರಡು ಸುತ್ತಿನಲ್ಲಿ ಸಿಗದಿದ್ದರೆ ಕೊನೆಯ ಸಲ ಗಟ್ಟಿಯಾಗಿ ಎಳೆದ ಜಾಗಕ್ಕೆ ಹಿಂದಿರುಗಿ ಮತ್ತೆ ಹೊರಡಿ. ಆ ಜಾಗಗಳನ್ನು ನೆನಪಿಟ್ಟುಕೊಳ್ಳುತ್ತಾ ನಡೆಯುವುದೇ ಹಗ್ಗ ಹಿಡಿದವರ ಮುಖ್ಯ ಕೆಲಸ.

ಜಾಡು ನಿಮಗೆ ಗೊತ್ತಿದ್ದರೆ ತಿರುವಿನಲ್ಲಿ ನಿಮಗರಿವಿಲ್ಲದೆ ಕಾಲು ನಿಧಾನವಾಗುತ್ತದೆ, ಹಗ್ಗ ಬಿಗಿಯುತ್ತದೆ. ನಾಯಿ ಕಲಿಯುವುದು ಅದನ್ನೇ, ವಾಸನೆಯನ್ನಲ್ಲ. ಎರಡನೇ ತಿಂಗಳಿಂದ ಅರ್ಧದಷ್ಟು ಜಾಡಾದರೂ ನಿಮಗೆ ಗೊತ್ತಿಲ್ಲದ್ದಾಗಿರಲಿ.

ಹಳೆ ಜಾಡನ್ನು ಹೊಸ ಹೆಜ್ಜೆ ಅಡ್ಡ ದಾಟಿದಾಗ ನಾಯಿ ಹೊಸತಕ್ಕೆ ಜಾರುವುದು ಇನ್ನೊಂದು ದೋಷ. ನಾಲ್ಕು ಗಂಟೆ ಆರಿದ ಜಾಡಿನ ಮೇಲೆ, ನಾಯಿ ಹೊರಡುವ ಅರ್ಧ ಗಂಟೆ ಮುಂಚೆ ಬೇರೊಬ್ಬರನ್ನು ಅಡ್ಡ ನಡೆಸಿ ಇದನ್ನೇ ಪಾಠ ಮಾಡಿ. ಹೊಸತಕ್ಕೆ ತಿರುಗಿದರೆ ಬೈಯುವುದು ಬೇಡ, ಹಗ್ಗ ಬಿಡದೆ ನಿಲ್ಲಿ, ತಾನೇ ಹಿಂದಿರುಗಿದ ಕೂಡಲೇ ಮುಂದೆ ಬಿಡಿ. ಮೊಲ, ನವಿಲು, ಮುಂಗುಸಿಯ ವಾಸನೆಗೂ ಇದೇ ಕ್ರಮ.

ಬಾಯಿ ತೆರೆದು ಏದುಸಿರು ಬಿಡುವ ನಾಯಿಗೆ ಮೂಗು ಅರ್ಧ ಕೆಲಸವೂ ಮಾಡುವುದಿಲ್ಲ. ನೆರಳಿಗೆ ಕರೆದು ನೀರು ಕೊಟ್ಟು, ಬಾಯಿ ಮುಚ್ಚಿ ಉಸಿರಾಡುವವರೆಗೆ ಕಾಯಿರಿ. ಅಂಗೈ ಹಿಂಬದಿಯನ್ನು ಏಳು ಸೆಕೆಂಡು ಇಡಲಾಗದಷ್ಟು ನೆಲ ಸುಡುತ್ತಿದ್ದರೆ ಅಂದಿನ ಪಾಠ ಮುಗಿಯಿತು.

ಚಿರತೆ, ಹಾವು, ಉಣ್ಣೆ

ವಾಸನೆಗೆ ಒಳ್ಳೆಯ ಹೊತ್ತು ನಸುಕು. ಕಬ್ಬಿನ ಗದ್ದೆಯಲ್ಲಿ ಚಿರತೆ ಓಡಾಡುವ ಹೊತ್ತೂ ಅದೇ, ಮತ್ತು ನಾಯಿ ಅದಕ್ಕೆ ಇಷ್ಟದ ಆಹಾರ. ಪೂರ್ತಿ ಬೆಳಕು ಹರಿದ ಮೇಲೆ, ಇಬ್ಬರಿಗೆ ಕಡಿಮೆ ಇಲ್ಲದಂತೆ, ಹಗ್ಗ ಬಿಚ್ಚದೆ ಹೋಗಿ. ಸುತ್ತ ಚಿರತೆ ಕಂಡ ಸುದ್ದಿ ಇದ್ದರೆ ಕಬ್ಬು ಬಿಟ್ಟು ತೆಂಗಿನ ತೋಟ, ಕಟಾವಾದ ರಾಗಿ ಹೊಲಕ್ಕೆ ಬನ್ನಿ. ತರಗಿನಡಿ ಕೊಳಕುಮಂಡಲ ಇರುತ್ತದೆ. ಗಮ್‌ಬೂಟು ನಿಮಗೆ, ಚಿಕ್ಕ ಹಗ್ಗ ನಾಯಿಗೆ. ಮನೆಗೆ ಬಂದ ಮೇಲೆ ಕಿವಿಯೊಳಗೆ, ಬೆರಳ ಸಂದಿಯಲ್ಲಿ ಉಣ್ಣೆ ಹುಡುಕಿ ತೆಗೆಯಿರಿ. ಉಣ್ಣೆ ಜ್ವರ ಬಂದ ನಾಯಿಯ ಮೂಗಿನಿಂದ ರಕ್ತ ಬರಬಹುದು, ಕಂಡ ಕೂಡಲೇ ಪಶುವೈದ್ಯರ ಬಳಿಗೆ.

ನಿಜವಾಗಿ ಯಾರಾದರೂ ಕಾಣೆಯಾದರೆ

ಮೊದಲು 112ಕ್ಕೆ ಫೋನ್ ಮಾಡಿ. ಶ್ವಾನದಳ ಪೊಲೀಸರ ಬಳಿ ಇದೆ. ನಿಮ್ಮ ನಾಯಿ ಅವರು ಕೇಳಿದರೆ ಮಾತ್ರ ಹೊರಡಲಿ. ನಾಯಿ ಬರುವವರೆಗೆ ನೀವು ಮಾಡಬಹುದಾದ ಬಹು ದೊಡ್ಡ ಕೆಲಸ ಜಾಡು ಕೆಡದಂತೆ ಕಾಯುವುದು. ಕೊನೆಯ ಸಲ ಕಂಡ ಜಾಗದ ಸುತ್ತ ಹಗ್ಗ ಕಟ್ಟಿ ಜನರನ್ನು ದೂರವಿಡಿ, ಅಲ್ಲಿ ದನ ಕಟ್ಟಬೇಡಿ, ಅಂಗಳಕ್ಕೆ ನೀರು ಚಿಮುಕಿಸಬೇಡಿ. ಅವರ ದಿಂಬಿನ ಕವರನ್ನೋ ಒಗೆಯದ ಒಳ ಅಂಗಿಯನ್ನೋ ಬರಿಗೈಯಲ್ಲಿ ಮುಟ್ಟದೆ, ಜಿಪ್ ಕವರನ್ನೇ ಕೈಗೆ ಮಗುಚಿಕೊಂಡು ಎತ್ತಿ ಮುಚ್ಚಿ. ಒಗೆಯುವ ಬಟ್ಟೆಗಳ ಬುಟ್ಟಿಯಿಂದ ತೆಗೆದದ್ದು ಬೇಡ, ಅದರಲ್ಲಿ ಮನೆಮಂದಿಯೆಲ್ಲರ ವಾಸನೆ ಸೇರಿರುತ್ತದೆ. ಅವರ ಬಟ್ಟೆ ಯಾವುದೂ ಸಿಗದಿದ್ದರೆ ದಿನವೂ ಕೂರುತ್ತಿದ್ದ ಕುರ್ಚಿಯ ಮೇಲೆ ಒಗೆದ ಬಿಳಿ ಪಂಚೆಯ ತುಂಡೊಂದನ್ನು ಅರ್ಧ ಗಂಟೆ ಹಾಸಿಟ್ಟು, ಅದನ್ನೇ ಕವರಿಗೆ ಹಾಕಿಕೊಡಿ.