ಟೆನ್ಶನ್ ಮಾಡ್ಕೋಬೇಡ ಅಂದರು

ಮೊದಲ ಸಲ ಐವಿಎಫ್, ಅಂದರೆ ದೇಹದ ಹೊರಗೆ ಭ್ರೂಣ ಮಾಡಿ ಗರ್ಭಕ್ಕೆ ಹಾಕುವ ಚಿಕಿತ್ಸೆ, ಮಾಡಿಸಿದ್ದು ಜುಲೈ ತಿಂಗಳಲ್ಲಿ. ಇಂಜೆಕ್ಷನ್ನನ್ನು 2ರಿಂದ 8 ಡಿಗ್ರಿಯಲ್ಲಿ ಇಡಬೇಕು ಅಂದಿದ್ದರು. ತೀರ್ಥಹಳ್ಳಿ ಕಡೆಯ ಹಳ್ಳಿ ನಮ್ಮದು, ಮಳೆ ಹಿಡಿದರೆ ಕರೆಂಟಿನ ಕಥೆ ಗೊತ್ತಲ್ವಾ? ಫ್ರಿಜ್ಜಿನಲ್ಲಿ ಮಜ್ಜಿಗೆ ಪಾತ್ರೆ ಪಕ್ಕ ಇದ್ದ ಡಬ್ಬಿಗೆ ಟವೆಲ್ ಸುತ್ತಿ, ಐಸ್ ಹಾಕಿದ ಫ್ಲಾಸ್ಕಿಗೆ ಇಳಿಸಿದೆ. ನೇರವಾಗಿ ಐಸಿಗೆ ತಾಗಿದರೆ ಹೆಪ್ಪುಗಟ್ಟಿ ಹಾಳಾಗುತ್ತದೆ. ರಾತ್ರಿ ಮೂರು ಸಲ ಎದ್ದು ಮುಟ್ಟಿ ನೋಡಿದ್ದೆ. ಇವರು ತೋಟಕ್ಕೆ ಔಷಧಿ ಹೊಡೆಸಿ ಸುಸ್ತಾಗಿ ಮಲಗಿದ್ದರು. ಅವತ್ತು ಅವರ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ಆದರೆ ನನ್ನನ್ನು ನಿಜವಾಗಿ ಹಣ್ಣು ಮಾಡಿದ್ದು ಒಂದು ಮಾತು. "ಟೆನ್ಶನ್ ಮಾಡ್ಕೋಬೇಡ ಮಾರಾಯ್ತಿ, ಟೆನ್ಶನ್ ಆದ್ರೆ ನಿಲ್ಲಲ್ಲ." ಅತ್ತೆ, ಚಿಕ್ಕಮ್ಮ, ಸ್ಕ್ಯಾನಿಂಗಿಗೆ ಕೂತಿದ್ದ ಅಪರಿಚಿತ ಹೆಂಗಸು, ಎಲ್ಲರದ್ದೂ ಇದೇ. ಗರ್ಭ ನಿಂತಿದೆಯಾ ಅಂತ ನೋಡುವ ಬೀಟಾ ಎಚ್‌ಸಿಜಿ ರಕ್ತಪರೀಕ್ಷೆ ನೆಗೆಟಿವ್ ಬಂದಾಗ ನಾನು ಅತ್ತ ರಾತ್ರಿಗಳನ್ನು ಲೆಕ್ಕ ಹಾಕುತ್ತಾ ಕೂತೆ. ಯಾವ ಅಳುವಿನಿಂದ ಹೋಯಿತು?

ಕೌನ್ಸೆಲಿಂಗ್ ಕೊಡಬೇಕು ಅಂತ ಇಂಥ ಚಿಕಿತ್ಸೆಗೆಂದೇ ಇರುವ 2021ರ ಕಾನೂನೇ ಹೇಳುತ್ತದೆ. ನನಗೆ ಮಾತ್ರ ಯಾರೂ ಹೇಳಿರಲಿಲ್ಲ, ಎರಡನೇ ಸಲದ ಚಿಕಿತ್ಸೆಗೆ ಮೊದಲು ನಾನೇ ಬಾಯಿಬಿಟ್ಟು ಕೇಳಿದೆ. ಶಿವಮೊಗ್ಗದಲ್ಲಿ ಸಿಕ್ಕ ಕೌನ್ಸೆಲರ್ 2011ರ ಒಂದು ಸಂಶೋಧನೆಯ ವಿಷಯ ಹೇಳಿದರು. 14 ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದ್ದು, 3,583 ಹೆಂಗಸರು. ಚಿಕಿತ್ಸೆಗೆ ಮೊದಲು ಕಂಗಾಲಾಗಿದ್ದವರಿಗೂ ಆರಾಮಾಗಿದ್ದವರಿಗೂ ಗರ್ಭ ನಿಲ್ಲುವುದರಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲವಂತೆ. "ಅಳು ಬಂದರೆ ಅತ್ತುಬಿಡಿ" ಅಂದರು. ಅಲ್ಲೇ ಕೂತು ಅತ್ತೆ.

ಶಿವರಾತ್ರಿ ಹೊತ್ತಿಗೆ ಮತ್ತೆ ಶುರು ಮಾಡಿದೆವು. ಈ ಸಲ ಒಂದು ಕರಾರು: ಸಂಜೆ ದೀಪ ಹಚ್ಚಿದ ಮೇಲೆ ಇಪ್ಪತ್ತು ನಿಮಿಷ ಮಾತ್ರ ಟ್ರೀಟ್‌ಮೆಂಟಿನ ಮಾತು. ಅದರಲ್ಲಿ ಜಗಳಾನೂ ಆಡಬಹುದು. ಆಮೇಲೆ ಎತ್ತುವ ಹಾಗಿಲ್ಲ. ಮೊದಲ ವಾರ ಇಬ್ಬರಿಗೂ ಬೇರೆ ಮಾತೇ ಹೊಳೆಯಲಿಲ್ಲ! ಸೀಮಂತಗಳಿಗೆ ಹೋಗುವುದನ್ನು ಬಿಟ್ಟೆ, ಸೀರೆ ಕಳಿಸಿದೆ. ಅಡಿಕೆ ಸುಲಿಯಲು ಕೂತಾಗ "ಎಂತ, ವಿಶೇಷ ಇಲ್ವನೇ?" ಅಂತ ಕೇಳಿದವರಿಗೆ "ಇದ್ರೆ ನಿಮಗೆ ಹೇಳ್ದೆ ಇರ್ತೀನಾ" ಅಂದು ಸಿಪ್ಪೆ ಬುಟ್ಟಿ ಎತ್ತಿಕೊಂಡು ಎದ್ದು ಹೋಗುತ್ತಿದ್ದೆ.

ಭ್ರೂಣ ಹಾಕಿದ ಮೇಲಿನ ಎರಡು ವಾರಕ್ಕೆ ಮಾತ್ರ ನನ್ನ ಹತ್ತಿರ ಮದ್ದಿಲ್ಲ. ಎದೆ ನೋವು, ಹೊಟ್ಟೆ ಉಬ್ಬರ ಕೊಡುವುದು ಗರ್ಭ ನಿಲ್ಲಲಿ ಅಂತ ಕೊಡುವ ಪ್ರೊಜೆಸ್ಟರಾನ್ ಮದ್ದೇ. ಬಸುರಿಯಾದರೂ ಹಾಗೇ, ಮುಟ್ಟಾಗುವ ಮೊದಲೂ ಹಾಗೇ. ಗೊತ್ತಿದ್ದೂ ದಿನಕ್ಕೆ ಹತ್ತು ಸಲ ಒತ್ತಿ ನೋಡಿಕೊಳ್ಳುತ್ತಿದ್ದೆ.

ರಿಪೋರ್ಟಿನ ಫೋನು ಇವರಿಗೇ ಬರಲಿ ಅಂದಿದ್ದೆ. ತೋಟದಿಂದ ಬಂದು ಚಪ್ಪಲಿ ಬಿಡುವ ಮೊದಲೇ ನನಗೆ ಗೊತ್ತಾಯಿತು. ಆಗಿರಲಿಲ್ಲ. ಇಬ್ಬರೂ ಹಿತ್ತಲಲ್ಲಿ ಕತ್ತಲಾಗುವವರೆಗೂ ಕೂತಿದ್ದೆವು. ಅವತ್ತು ಇಪ್ಪತ್ತು ನಿಮಿಷದ ಲೆಕ್ಕ ಇರಲಿಲ್ಲ. ಈ ಸಲ ಅತ್ತ ರಾತ್ರಿಗಳನ್ನು ಎಣಿಸಲಿಲ್ಲ.

ಇನ್ನೂ ಎರಡು ಭ್ರೂಣ ಫ್ರೀಜ್ ಮಾಡಿ ಇಟ್ಟಿದ್ದಾರೆ. ಈ ಮಳೆಗಾಲ ಕಳೆಯಲಿ ಅಂದಿದ್ದೇನೆ. ಅತ್ತೆಗೆ ಇನ್ನೂ ಹೇಳಿಲ್ಲ.