ಬಾಗಿದ ಪ್ಲೇಟಿಗೆ ಬಳ್ಳಾರಿ ಬಿಸಿಲು

ಬಾಗಿದ ಗ್ರಾಮಫೋನ್ ಪ್ಲೇಟನ್ನು ಬಿಸಿಲಿಗಿಟ್ಟು ನೇರ ಮಾಡುತ್ತೇನೆ ಅಂದಾಗ ನಕ್ಕವರೇ ಜಾಸ್ತಿ. ಇದ್ದದ್ದೂ ಹೋಗುತ್ತದೆ ಅಂದರು. ಈಗ ನಮ್ಮ ಭಾಗದ ಒಬ್ಬ ಕಂಪನಿ ನಾಟಕದ ಹಾಸ್ಯ ನಟರ ನಾಲ್ಕೈದು ಪ್ಲೇಟುಗಳು ಮಾತಾಡುತ್ತಿವೆ. ಮನೆಯವರು ಒಪ್ಪಿದ ಮೇಲೆ ಅವರ ಹೆಸರು ಹೇಳುತ್ತೇನೆ.

ಮೊದಲು ದುಡ್ಡು. ಬೆಂಗಳೂರಿನಲ್ಲಿ ಒಬ್ಬರು ಪ್ಲೇಟನ್ನು ಕಂಪ್ಯೂಟರಿಗೆ ಇಳಿಸಲು ಒಂದು ಬದಿಗೆ 1,500ರ ಹತ್ತಿರ ಕೇಳಿದರು, ಅದೂ ಬಾಗಿದ್ದು ಬೇಡವಂತೆ. ನನಗೆ ಹಳೇ ಟರ್ನ್‌ಟೇಬಲ್ 8,000ದ ಆಸುಪಾಸು ಬಿತ್ತು, 78ರ, ಅಂದರೆ ನಿಮಿಷಕ್ಕೆ 78 ಸುತ್ತು ತಿರುಗುವ ಈ ಹಳೇ ಪ್ಲೇಟುಗಳ, ದಪ್ಪ ಸೂಜಿಗೆ 3,000 ಚಿಲ್ಲರೆ. ಆಮೇಲೆ ಬಂದ ಎಲ್‌ಪಿ ಪ್ಲೇಟಿನ ಸಣ್ಣ ಸೂಜಿಯಲ್ಲೇ ಸಾಗಿಸೋಣ ಅಂತ ನೋಡಿದೆ, ಬರೀ ಕರಕರ.

ಎರಡು ದಪ್ಪ ಗಾಜಿನ ನಡುವೆ ಪ್ಲೇಟು ಇಟ್ಟು ಮಾಳಿಗೆ ಮೇಲೆ ಬಿಡುವುದು, ಅಷ್ಟೇ. ಏಪ್ರಿಲ್ ಮಧ್ಯಾಹ್ನ ಇಟ್ಟವು ಗೆರೆ ಸಮೇತ ಹಾಳಾದವು, ಪ್ರಯೋಗಕ್ಕೆ ಅಂತಲೇ ಕೌಲ್ ಬಜಾರ್ ಗುಜರಿಯಿಂದ ತಂದವು ಬಿಡಿ. ಡಿಸೆಂಬರಿನಲ್ಲಿ ಜಪ್ಪಯ್ಯ ಅಂದರೂ ಬಗ್ಗಲಿಲ್ಲ. ಫೆಬ್ರವರಿಯ ಬೆಳಗಿನ ಹತ್ತು ಗಂಟೆಯ ಬಿಸಿಲು ಸರಿಹೋಯಿತು. ಆಮೇಲೆ ಗಾಜು ಬಿಚ್ಚದೆ ನೆರಳಿಗೆ ತಂದು ತಣಿಸಬೇಕು. ಮೇಲೆ ಎಷ್ಟು ಭಾರ, ಎಷ್ಟು ಹೊತ್ತು ಅನ್ನೋದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ತೊಳೆಯಲು ಸ್ಪಿರಿಟ್ ಮಾತ್ರ ಬೇಡ, ಈ ಪ್ಲೇಟುಗಳು ಅರಗಿನವು, ಕರಗುತ್ತವೆ.

ನನ್ನ ಟರ್ನ್‌ಟೇಬಲ್‌ನಲ್ಲಿ 78 ಇಲ್ಲ. 45ರಲ್ಲಿ ಓಡಿಸಿ ಕಂಪ್ಯೂಟರಿನಲ್ಲಿ ವೇಗವನ್ನು 1.73 ಪಟ್ಟು ಮಾಡಿದೆ. ಆದರೆ ಹಳೇ ಪ್ಲೇಟೆಲ್ಲಾ ಸರಿಯಾಗಿ 78ಕ್ಕೇ ಇರುತ್ತವಾ? ಧ್ವನಿ ಸ್ವಲ್ಪ ಕೀಚಲು ಅನಿಸುತ್ತಿತ್ತು. ಮರಿಯಮ್ಮನಹಳ್ಳಿ ಕಡೆಯ ಹಾರ್ಮೋನಿಯಂ ಮಾಸ್ತರರನ್ನು ಕೂರಿಸಿದೆ. ಪ್ಲೇಟಿನಲ್ಲೂ ಹಾರ್ಮೋನಿಯಂ ಇದೆಯಲ್ಲ, ಅದರ ಶ್ರುತಿ ಮಾಸ್ತರರ ಪೆಟ್ಟಿಗೆಯ ಎರಡು ಮನೆಗಳ (ಪಕ್ಕಪಕ್ಕದ ಕೀಲಿಗಳ) ನಡುವೆ ನಿಂತರೆ ವೇಗ ತಪ್ಪಿರಬಹುದು. ಒಂದು ಮನೆ ಅಂದರೆ ಸುಮಾರು ನಾಲ್ಕೂವರೆ ಸುತ್ತಿನ ವ್ಯತ್ಯಾಸ, ಹಾಗಾಗಿ ಹತ್ತಿರದ ಮನೆಗೆ ಎಳೆದೆವು.

ಶ್ರುತಿ ಸರಿಮಾಡಿದ ಮೇಲೂ ಮಾತು ಓಡುತ್ತಲೇ ಇತ್ತು. ಆಗ ಆ ಹಾಸ್ಯ ನಟರು ಅರ್ಥವಾದರು. ನಾಟಕದಲ್ಲಿ ಹಿಂದೆ ಸೀನ್ ಬದಲಿಸುವಾಗ ಮುಂದಿನ ಪರದೆ ಎದುರು ಹಾಸ್ಯದವರದ್ದೇ ಪಾಳಿ. ಒಳಗಿನವರು ಆಯಿತು ಅನ್ನುವ ತನಕ ಮಾತು ಎಳೆಯಬೇಕು, ಜನ ನಕ್ಕರೆ ತಡೆದು ನಿಲ್ಲಬೇಕು. ಪ್ಲೇಟಿನ ಒಂದು ಬದಿಗೆ ಸಿಗುವುದು ಮೂರು ನಿಮಿಷ ಚಿಲ್ಲರೆ. ಅದಕ್ಕೇ ಅಷ್ಟು ಓಟ, ನಾನು ಸುಮ್ನೆ ಎಲ್ಲಾ ಪ್ಲೇಟಿನ ವೇಗದ್ದೇ ತಪ್ಪು ಅಂದುಕೊಂಡಿದ್ದೆ. 1950ರಲ್ಲಿ ಧಾರವಾಡ ಆಕಾಶವಾಣಿ ಶುರುವಾಯಿತಲ್ಲ, ಮುಂದೆ ಅಲ್ಲೂ ಹೋಗುತ್ತಿದ್ದರಂತೆ. ಅವರ ಮಗ ರೇಡಿಯೊ ಮುಂದೆ ಟೇಪ್ ರೆಕಾರ್ಡರ್ ಇಟ್ಟು ಹಿಡಿದ ಒಂದು ಕ್ಯಾಸೆಟ್ ಇದೆ, ನಡುವೆ ಕುಕ್ಕರ್ ಸೀಟಿ. ಅದರಲ್ಲಿ ಪ್ರತಿ ಚಟಾಕಿಯ ಮೇಲೂ ಎದುರಿಗೆ ಜನ ಇದ್ದ ಹಾಗೆ ತಡೆದು ನಿಲ್ಲುತ್ತಾರೆ. ಆ ಖಾಲಿ ಜಾಗಗಳನ್ನು ಕತ್ತರಿಸು ಅಂದರು ಗೆಳೆಯರು. ಒಂದನ್ನೂ ಮುಟ್ಟಿಲ್ಲ.

ಮನೆಯವರ ಹತ್ತಿರ ಒಂದು ಸ್ಪೂಲ್ (ದೊಡ್ಡ ಸುರುಳಿಯ ಹಳೇ ಟೇಪು) ಕೂಡ ಇದೆ. ಓಡುವ ಸ್ಪೂಲ್ ಮೆಷಿನ್ ಯಾರ ಬಳಿಯಾದರೂ ಇದ್ದರೆ ತಿಳಿಸಿ, ಬಾಡಿಗೆ ಕೊಡುತ್ತೇನೆ. ಕೊಳ್ಳುವಷ್ಟು ದುಡ್ಡು ಉಳಿದಿಲ್ಲ.