ಹಳೇ ವಿಡಿಯೋ ಗೇಮ್ ಬೋರ್ಡಿಗೆ ಒಂದೇ ಜಾತಿಯ ಚಿಪ್ಪಲ್ಲಿ ಬ್ಯಾಕಪ್: ನನ್ನ ಅನುಭವ

“ಸಾರ್, ಅದೇ ನಂಬರ್ ಚಿಪ್ ಸಿಕ್ಕಿದ್ರೆ ಮಾಡ್ಸಿ, ಇಲ್ಲಾಂದ್ರೆ ಮುಟ್ಬೇಡಿ.” ಗೇಮ್ ಬೋರ್ಡಿನ ಈಪ್ರಾಮ್‌ಗಳಿಗೆ, ಅಂದ್ರೆ ಆಟದ ಪ್ರೋಗ್ರಾಮ್ ಹಿಡಿದಿಟ್ಟಿರೋ ಮೆಮೊರಿ ಚಿಪ್ಪುಗಳಿಗೆ, ಬ್ಯಾಕಪ್ ಮಾಡ್ತೀನಿ ಅಂದಾಗ ಮೈಸೂರಲ್ಲಿ ರಿಪೇರಿ ಮಾಡೋ ಎಲ್ಲರೂ ಹೇಳಿದ್ದು ಇದನ್ನೇ. ಮೂಲ ಚಿಪ್ 2764 ಆದರೆ 2764ನೇ ಬೇಕು, 27128 ಆದರೆ 27128ನೇ ಬೇಕು ಅಂತ ವಾದ. ಅವೆಲ್ಲ ಈಗ ಹೊಸದಾಗಿ ಬರೋದಿಲ್ಲ. ಸಿಕ್ಕೋದು ಯಾವುದೋ ಸ್ಕ್ರ್ಯಾಪ್ ಬೋರ್ಡಿಂದ ಕಿತ್ತ ಮಾಲು. ನಾನು 28 ಕಾಲಿನ ಎಲ್ಲಾ ಸಾಕೆಟ್ಟಿಗೂ ವಿನ್‌ಬಾಂಡ್ ಡಬ್ಲ್ಯೂ27ಸಿ512 ಒಂದನ್ನೇ ಹಾಕಿದೆ. ಒಂದು ಕಾಲದಲ್ಲಿ ದಸರಾ ವಸ್ತುಪ್ರದರ್ಶನದ ಸ್ಟಾಲುಗಳಲ್ಲಿ ದುಡಿದ ನಾಲ್ಕೈದು ಬೋರ್ಡು ಈಗ ಆ ಚಿಪ್ಪುಗಳ ಮೇಲೇ ಓಡ್ತಿವೆ. ಬೇಡ ಅಂದವರಲ್ಲಿ ಇಬ್ಬರು ಈಗ ನನ್ನ ಹತ್ತಿರಾನೇ ಬರೆಸ್ಕೊಂಡು ಹೋಗ್ತಾರೆ.

ಈ ಚಿಪ್ಪನ್ನೇ ಯಾಕೆ ಅಂದ್ರೆ, ಕಾಲುಗಳ ಜೋಡಣೆ 27ಸಿ512ರದ್ದೇ, ಆದರೆ ಹಳೇ ಈಪ್ರಾಮ್ ಥರ ಮೇಲಿನ ಗಾಜಿನ ಕಿಟಕಿಗೆ ಯುವಿ ದೀಪ ಹಿಡಿದು ಅಳಿಸೋದು ಬೇಡ, ಪ್ರೋಗ್ರಾಮರೇ (ಚಿಪ್ಪನ್ನ ಓದಿ ಬರೆಯೋ ಯಂತ್ರ) ಅಳಿಸುತ್ತೆ. 64 ಕೆಬಿ ಜಾಗ. ವೇಗವೂ ಧಾರಾಳ. ಹಳೇ ಬೋರ್ಡುಗಳು 250 ನ್ಯಾನೋಸೆಕೆಂಡ್, ಕೆಲವು 450ರ ಚಿಪ್ಪಲ್ಲೇ ಓಡಿದವು. ವೇಗದ ಚಿಪ್ ಹಾಕಿದರೆ ತೊಂದರೆ ಬರಲಿಲ್ಲ. ನಿಧಾನದ್ದು ಹಾಕಿದರೆ ಮಾತ್ರ ಚಿತ್ರ ಚಿಂದಿ.

64 ಕೆಬಿ ಚಿಪ್ಪಲ್ಲಿ 2764ರ 8 ಕೆಬಿ ಫೈಲ್ ಬರೆದು ಹಾಕಿದರೆ ಬೋರ್ಡು ಏಳಲ್ಲ. “ನೋಡಿ, ಹೇಳಿರ್ಲಿಲ್ವಾ” ಅನ್ನೋದು ಇಲ್ಲೇ. ಕಾರಣ ಮೂರು ಕಾಲು. 2764ರಲ್ಲಿ 1ನೇ ಕಾಲು ವಿಪಿಪಿ, 27ನೇದು ಪಿಜಿಎಂ, ಎರಡೂ ಚಿಪ್ಪಿಗೆ ಬರೆಯೋವಾಗ ಮಾತ್ರ ಕೆಲಸಕ್ಕೆ ಬರೋ ಕಾಲು. ಓದೋವಾಗ ಎರಡಕ್ಕೂ ಬೋರ್ಡಲ್ಲಿ 5 ವೋಲ್ಟ್ ಕಟ್ಟಿರ್ತಾರೆ. 512ರಲ್ಲಿ ಅದೇ ಕಾಲುಗಳು ಎ15 ಮತ್ತು ಎ14, ಅಂದ್ರೆ ಚಿಪ್ಪಿನ ಯಾವ ಜಾಗ ಓದಬೇಕು ಅಂತ ಹೇಳೋ ಅಡ್ರೆಸ್ ಕಾಲುಗಳು. ಅಂದ್ರೆ ಬೋರ್ಡು ಚಿಪ್ಪಿನ ಮೇಲಿನ ತುದಿಯನ್ನ ಓದ್ತಿದೆ, ನಾವು ಬರೆದಿರೋದು ಕೆಳಗಿನ ತುದಿಯಲ್ಲಿ. ಸಿಗೋದು ಬರೀ ಎಫ್‌ಎಫ್, ಅಂದ್ರೆ ಖಾಲಿ ಜಾಗ. ಇನ್ನು 26ನೇ ಕಾಲು 2764ರಲ್ಲಿ ಯಾತಕ್ಕೂ ಇಲ್ಲ, 512ರಲ್ಲಿ ಅದು ಎ13. ಕೆಲವು ಬೋರ್ಡಲ್ಲಿ ಅದಕ್ಕೂ 5 ವೋಲ್ಟ್ ಇದೆ, ಕೆಲವದರಲ್ಲಿ ಗಾಳಿಯಲ್ಲಿ ತೇಲ್ತಿರುತ್ತೆ. ತೇಲೋ ಕಾಲು ಬೆಳಿಗ್ಗೆ ಒಂದು ಹೇಳುತ್ತೆ, ಸಾಯಂಕಾಲ ಇನ್ನೊಂದು.

ಹಾಗಾಗಿ ಮೇಲ್ತುದಿಗೆ ಮಾತ್ರ ಬರೆಯೋ ಗೋಜಿಗೆ ಹೋಗಲ್ಲ, ಚಿಪ್ ಪೂರ್ತಿ ಅದೇ ಫೈಲಿನ ನಕಲುಗಳಿಂದ ತುಂಬ್ತೀನಿ. 2764 ಆದರೆ ಎಂಟು ಸಲ, 27128 ಆದರೆ ನಾಲ್ಕು, 27256 ಆದರೆ ಎರಡು. ಫೈಲುಗಳನ್ನ ಬೈನರಿಯಾಗೇ ಒಂದರ ಹಿಂದೆ ಒಂದು ಜೋಡಿಸಿ, ಕೊನೆಗೆ ಸರಿಯಾಗಿ 65,536 ಬೈಟ್ ಬಂತಾ ಅಂತ ನೋಡಿ. ಆಮೇಲೆ ಆ ಮೂರು ಕಾಲು 5 ವೋಲ್ಟಲ್ಲಿರಲಿ, ಸೊನ್ನೆಯಲ್ಲಿರಲಿ, ತೇಲಲಿ, ಓದೋ ಮಾಹಿತಿ ಒಂದೇ.

ಗೇಮ್ ಶುರುವಾಗೋವಾಗ ರಾಮ್-ರೋಮ್ ಪರೀಕ್ಷೆ ಇರುತ್ತಲ್ಲ, ಚೆಕ್‌ಸಮ್ (ಬೈಟ್‌ಗಳನ್ನೆಲ್ಲ ಕೂಡಿಸಿ ತಾಳೆ ನೋಡೋ ಮೊತ್ತ) ಕೆಡುತ್ತೆ ಅಂತ ಒಬ್ಬರು ಪಟ್ಟು ಹಿಡಿದಿದ್ದರು. ಕೆಡಲ್ಲ. ಮೇಲಿನ ಅಡ್ರೆಸ್ ಕಾಲುಗಳು ಸಿಪಿಯುಗೆ ಸೇರೇ ಇಲ್ಲ, ಅದು ಕಾಣೋದು ತನ್ನ 8 ಕೆಬಿ ಮಾತ್ರ. ಒಂದು ಎಚ್ಚರಿಕೆ: ಜಂಪರ್ (ಸಂಪರ್ಕ ಬದಲಿಸೋ ಕೊಂಡಿ) ಇರೋ ಬೋರ್ಡಲ್ಲಿ 27ನೇ ಕಾಲು ನಿಜವಾಗ್ಲೂ ಎ14ಗೆ ಹೋಗಿದೆಯಾ ಅಂತ ಮಲ್ಟಿಮೀಟರ್ ಬೀಪ್‌ನಲ್ಲಿ ನೋಡ್ಕೊಳ್ಳಿ. ಹೋಗಿದ್ದರೆ ಅಲ್ಲಿ ಮೂಲ ಚಿಪ್ 27256ನೇ ಆಗಿರುತ್ತೆ, ಎರಡು ನಕಲು ಸಾಕು.

24 ಕಾಲಿನ ಸಾಕೆಟ್ಟಿಗೆ ಈ ಚಿಪ್ ಆಗಲ್ಲ. 2716ಕ್ಕೆ ಬರೆಯೋಕೆ 25 ವೋಲ್ಟ್ ಬೇಕು, ನನ್ನ ಪ್ರೋಗ್ರಾಮರ್ ಟಿಎಲ್866-2 ಪ್ಲಸ್ 18ರ ಮೇಲೆ ಕೊಡಲ್ಲ. ಓದೋಕೆ 5 ವೋಲ್ಟ್ ಸಾಕಾದ್ದರಿಂದ ಮೂಲ ಚಿಪ್ ಓದಿಕೊಂಡು, ಎಟಿ28ಸಿ16 ಈಈಪ್ರಾಮ್‌ಗೆ ಬರೆದು ಹಾಕ್ತೀನಿ. 2716ರ 21ನೇ ಕಾಲು ವಿಪಿಪಿ, ಬೋರ್ಡಲ್ಲಿ 5 ವೋಲ್ಟಿಗೆ ಕಟ್ಟಿದೆ. 28ಸಿ16ರಲ್ಲಿ ಅದೇ ಕಾಲು ರೈಟ್ ಎನೇಬಲ್ (ಬರೆಯೋಕೆ ಅನುಮತಿ ಕೊಡೋ ಕಾಲು), 5 ವೋಲ್ಟಲ್ಲಿದ್ದರೆ ಬರೆಯೋದು ಬಂದ್. ಅಡಾಪ್ಟರ್ ಬೇಡ, ತಂತಿ ಬೇಡ. ಇದೇ ಧೈರ್ಯದಲ್ಲಿ 27256ರ ಜಾಗಕ್ಕೆ 28ಸಿ256 ಹಾಕಬೇಡಿ. ಅದರಲ್ಲಿ ಎ14 ಬಂದಿರೋದು 1ನೇ ಕಾಲಿಗೆ, 27ನೇದು ರೈಟ್ ಎನೇಬಲ್. ಅಂದ್ರೆ ಬೋರ್ಡಿನ ಎ14 ಹೋಗಿ ರೈಟ್ ಎನೇಬಲ್ ಮೇಲೆ ಕೂತ್ಕೊಳ್ಳುತ್ತೆ.

4 ಕೆಬಿಯಲ್ಲಿ 2532 ಮತ್ತು 2732 ಎರಡೂ 24 ಕಾಲು, ಆದರೆ ಎ11 ಮೊದಲನೇದರಲ್ಲಿ 18ನೇ ಕಾಲು, ಎರಡನೇದರಲ್ಲಿ 21ನೇದು. ಅದಲು ಬದಲು ಆಗಲ್ಲ. ಟೆಕ್ಸಾಸ್‌ನ ಟಿಎಂಎಸ್2716 ಕಂಡರೆ ಪ್ರೋಗ್ರಾಮರಿಗೆ ಹಾಕಲೇಬೇಡಿ, ಅದು +5, −5, +12 ಮೂರೂ ಕೇಳೋ ಜಾತಿ. ಉಳಿದವರ 2716ಕ್ಕೆ ಸಮ ಬರೋದು ಅವರ ಟಿಎಂಎಸ್2516.

ದುಡ್ಡು ಹೋಗೋದು ಚಿಪ್ ಖರೀದಿಯಲ್ಲಿ. ಮೈಸೂರಲ್ಲಿ ಈ ಮಾಲು ಇಲ್ಲ, ಬೆಂಗಳೂರಿನ ಎಸ್.ಪಿ. ರೋಡಿಗೇ ಹೋಗಬೇಕು ಅಥವಾ ಆನ್‌ಲೈನ್ ತರಿಸಬೇಕು. ನಾನು ಕೊಟ್ಟಿದ್ದು ಒಂದಕ್ಕೆ ನೂರರಿಂದ ನೂರೈವತ್ತು ರೂಪಾಯಿ. ಹತ್ತು ತಗೊಂಡರೆ ಒಂದೆರಡು ಸತ್ತಿರುತ್ತೆ ಅಂತಲೇ ಲೆಕ್ಕ ಹಾಕ್ಕೊಳ್ಳಿ. ಒಂದು ಸಲ ಇಡೀ ಕಟ್ಟೇ ದಂಡವಾಯ್ತು: ಮೇಲೆ ವಿನ್‌ಬಾಂಡ್ ಹೆಸರು, ಒಳಗೆ ಕಿಟಕಿ ಇಲ್ಲದ ಒಂದೇ ಸಲ ಬರೆಯೋ ಚಿಪ್. ಅವನ್ನ ಅಳಿಸೋಕೆ ಯಾರಿಂದಲೂ ಆಗಲ್ಲ. ಈಗ ಕೈಗೆ ಬಂದ ತಕ್ಷಣ ಚಿಪ್ಪಿನೊಳಗಿನ ಗುರುತಿನ ಸಂಖ್ಯೆ, ಅಂದ್ರೆ ಐಡಿ, ಪ್ರೋಗ್ರಾಮರಲ್ಲಿ ಓದಿಸ್ತೀನಿ. ಅಸಲಿ ಡಬ್ಲ್ಯೂ27ಸಿ512 ಆದರೆ ಡಿಎ 08 ಬರಬೇಕು. 20 3ಡಿ ಬಂದರೆ ಅದು ಎಸ್‌ಟಿಯವರ ಎಂ27ಸಿ512. ನೇಲ್ ಪಾಲಿಶ್ ರಿಮೂವರ್ ಹತ್ತಿಯಲ್ಲಿ ಉಜ್ಜಿದರೆ ಮೇಲೆ ಬಳಿದ ಅಕ್ಷರ ಕರಗಿ ಬರೋದೂ ಉಂಟು.

ಅಸಲಿ ಚಿಪ್ಪೂ ಅಳಿಸಲ್ಲ ಅಂತ ಹಟ ಮಾಡುತ್ತೆ. ಅಳಿಸೋವಾಗ ಎ9 ಮತ್ತು 22ನೇ ಕಾಲಿಗೆ 14 ವೋಲ್ಟ್ ಬೇಕು. ಹಬ್‌ಗೋ ಮಾನಿಟರಿನ ಯುಎಸ್‌ಬಿಗೋ ಪ್ರೋಗ್ರಾಮರ್ ಸಿಕ್ಕಿಸಿದರೆ ಅಷ್ಟು ಏರಲ್ಲ. ಕಂಪ್ಯೂಟರ್ ಡಬ್ಬದ ಹಿಂಭಾಗದ ಯುಎಸ್‌ಬಿಗೆ ನೇರ ಹಾಕಿ, ಎರಡು ಮೂರು ಸಲ ಅಳಿಸಿ. ಸತ್ತಿದೆ ಅಂತ ಎತ್ತಿಟ್ಟ ಎಷ್ಟೋ ಚಿಪ್ ನನಗೆ ಹೀಗೆ ವಾಪಸ್ ಬಂದಿವೆ.

ಮೂಲ ಚಿಪ್ಪು ಸರಿಯಾಗಿ ಓದಿಕೊಳ್ಳದೆ ಇದ್ದರೆ ಇಷ್ಟೆಲ್ಲ ಮಾಡಿದ್ದೂ ನೀರಲ್ಲಿ ಹೋಮ. ಬೆಳ್ಳಿ ಲೇಪದ ಹಳೇ ಕಾಲುಗಳು ಕಪ್ಪಾಗಿರ್ತವೆ. ಪೆನ್ಸಿಲ್ ರಬ್ಬರಿನಲ್ಲಿ ಮೇಲಿಂದ ಕೆಳಗೆ ಮಾತ್ರ ಉಜ್ಜಿ, ಅಡ್ಡಡ್ಡ ಉಜ್ಜಿದರೆ ಕಾಲು ಮುರಿಯುತ್ತೆ. ಮೂರು ಸಲ ಓದಿ ಸಿಆರ್‌ಸಿ32 (ಫೈಲಿನ ತಾಳೆ ಸಂಖ್ಯೆ) ಹೋಲಿಸಿ. ಬರೀ ಕೂಡಿಸಿದ ಚೆಕ್‌ಸಮ್ ನಂಬಬೇಡಿ, ಎರಡು ಬೈಟ್ ಜಾಗ ಬದಲಾದರೆ ಅದಕ್ಕೆ ಗೊತ್ತೇ ಆಗಲ್ಲ. ಮೂರು ಸಲಕ್ಕೆ ಮೂರು ಉತ್ತರ ಬಂದರೆ ಮಾಹಿತಿ ಹಿಡಿದಿಟ್ಟಿರೋ ಚಾರ್ಜ್ ಚಿಪ್ಪಿನೊಳಗೆ ಸೋರ್ತಿದೆ ಅಂತ ಅರ್ಥ. ಸೋರಿದ 0 ಮೆಲ್ಲಗೆ 1 ಆಗುತ್ತೆ. ಅಂಥದ್ದಕ್ಕೆ ನಡುವೆ ಒಂದು ಸಾಕೆಟ್ ಇಟ್ಟು 28ನೇ ಕಾಲಿಗೆ ಒಂದು 1ಎನ್4007 ಡಯೋಡ್ ಸರಣಿಯಲ್ಲಿ ಹಾಕಿ, ಪಟ್ಟಿ ಇರೋ ತುದಿ ಚಿಪ್ ಕಡೆಗೆ. ಸಪ್ಲೈ ಸುಮಾರು 4.3 ವೋಲ್ಟಿಗೆ ಇಳಿಯುತ್ತೆ, ಸೋರಿದ ಸೆಲ್ ಮತ್ತೆ 0 ಅಂತ ಓದುತ್ತೆ. ಒಂದು ರೂಪಾಯಿ ಡಯೋಡಿಂದ ಕೈಬಿಟ್ಟ ಬೋರ್ಡೊಂದರ ಸೌಂಡ್ ಚಿಪ್ ಉಳಿಸಿದೀನಿ. ಡಯೋಡಿಗೂ ಬಗ್ಗದ ಚಿಪ್ಪಿಗೆ ಇನ್ನೊಂದು ಉಪಾಯ ಇದೆ, ಅದು ಸದ್ಯಕ್ಕೆ ನನ್ನ ಹತ್ತಿರಾನೇ ಇರಲಿ.

ಕಿಟಕಿ ಇರೋ ಚಿಪ್ಪುಗಳನ್ನೂ ಮತ್ತೆ ಬಳಸೋಣ ಅಂತ ದೀಪಗಳನ್ನ ಪರೀಕ್ಷೆ ಮಾಡಿದೆ. ನೋಟು ನೋಡೋ ನೀಲಿ ದೀಪ, 395 ನ್ಯಾನೋಮೀಟರ್ ಎಲ್‌ಇಡಿ, ಎರಡೂ ದಂಡ. ಬೇಕಾದ್ದು 253.7 ನ್ಯಾನೋಮೀಟರ್. ಅದು ವಾಟರ್ ಪ್ಯೂರಿಫೈಯರಿನ ಯುವಿ ಟ್ಯೂಬಲ್ಲಿದೆ, ಬಿಡಿಭಾಗವಾಗಿ ಮೈಸೂರಲ್ಲೇ ಸಿಗುತ್ತೆ. ಮುಚ್ಚಳ ಇರೋ ಸ್ಟೀಲ್ ಡಬ್ಬದಲ್ಲಿ ಒಂದು ಇಂಚು ದೂರದಲ್ಲಿಟ್ಟರೆ ಇಪ್ಪತ್ತು ನಿಮಿಷದ ಆಸುಪಾಸು. ಮುಚ್ಚಳ ತೆಗೆದು ಇಣುಕಬೇಡಿ, ಕಣ್ಣು ಹೋಗುತ್ತೆ. ನೇರ ಬಿಸಿಲಿಗೆ ಒಂದು ವಾರ ಅಂತ ಇಂಟೆಲ್‌ನ ಡೇಟಾಶೀಟಲ್ಲಿದೆ. ತಾರಸಿ ಮೇಲಿಟ್ಟವು ಒಂದೊಂದು ಒಂದೊಂದು ಥರ ಅಳಿಸಿದವು, ಆ ದಾರಿ ಬಿಟ್ಟೆ. ಮೂಲ ಚಿಪ್ಪಿನ ಕಿಟಕಿಗೆ ಫಾಯಿಲ್ ಸ್ಟಿಕ್ಕರ್ ತಪ್ಪದೆ ಅಂಟಿಸಿ.

ನನಗೆ ಖರ್ಚಾಗಿದ್ದು ಪ್ರೋಗ್ರಾಮರಿಗೆ ಐದಾರು ಸಾವಿರ, ಚಿಪ್ಪಿಗೆ ಎರಡು ಸಾವಿರದ ಹತ್ತಿರ, ಹಳೇ ಸಾಕೆಟ್ಟು ಕಿತ್ತು ಗುಂಡು ಪಿನ್ನಿನ ಸಾಕೆಟ್ ಹಾಕೋಕೆ ಇನ್ನೊಂದೈನೂರು. ಆಟದ ಬಣ್ಣಗಳ ಮಾಹಿತಿ ಇರೋ 82ಎಸ್123, 82ಎಸ್129 ಪ್ರಾಮ್ ಚಿಪ್ಪುಗಳು ಈ ಲೆಕ್ಕದಲ್ಲಿಲ್ಲ, ಅವನ್ನ ಈ ಪ್ರೋಗ್ರಾಮರ್ ಓದಲ್ಲ. ತೆಗೆದ ಮೂಲ ಚಿಪ್ಪುಗಳನ್ನ ಥರ್ಮೊಕೋಲಿಗೆ ಚುಚ್ಚಿಡಬೇಡಿ, ಸ್ಟ್ಯಾಟಿಕ್‌ಗೆ ಸಾಯ್ತವೆ. ಕಪ್ಪು ಆಂಟಿಸ್ಟ್ಯಾಟಿಕ್ ಫೋಮ್ ತಗೊಳ್ಳಿ, ಬೋರ್ಡಿನ ಹೆಸರು, ಸಾಕೆಟ್ ನಂಬರ್, ಸಿಆರ್‌ಸಿ ಮೂರನ್ನೂ ಚೀಟಿಯಲ್ಲಿ ಬರೆದು ಜೊತೆಗಿಡಿ.